ಗಾಯದ ಮಾತುಗಳು

ಹೊಲದಲ್ಲಿ ದುಡಿಯುತ್ತಿದ್ದ ರೈತನೊಬ್ಬನ ಅಂಗಾಲಿಗೆ ಮೊಳೆಯೊಂದು ಆಳವಾಗಿ ನಾಟಿತೆಂದು ಭಾವಿಸೋಣ. ಮನೆಯವರು ಅವನನ್ನು ಹತ್ತಿರದ ಆಸ್ಪತ್ರೆಗೆ ಕರೆದೊಯ್ಯುತ್ತಾರೆ. ವೈದ್ಯರು ಗಾಯವನ್ನು ತೊಳೆದು, ಪಟ್ಟಿ ಕಟ್ಟಿ, ಚುಚ್ಚುಮದ್ದು ಕೊಟ್ಟು, ಒಂದು ಚೀಟಿ ಬರೆದುಕೊಡುತ್ತಾರೆ. ಸಂಜೆ ಆ ಚೀಟಿ ಪ್ರೌಢಶಾಲೆಯಲ್ಲಿ ಓದುತ್ತಿರುವ ಮಗಳ ಕೈಗೆ ಬರುತ್ತದೆ. “ಏನು ಬರೆದಿದ್ದಾರೆ, ಸ್ವಲ್ಪ ಓದಿ ಹೇಳಮ್ಮಾ” ಎಂದು ತಂದೆ ಕೇಳುತ್ತಾನೆ. ಪಂಕ್ಚರ್, ಟೆಟನಸ್, ಇನ್‌ಫ್ಲಮೇಷನ್, ಸೆಪ್ಸಿಸ್! ಅಕ್ಷರಗಳನ್ನು ಕೂಡಿಸಿ ಓದುವುದು ಅವಳಿಗೆ ಕಷ್ಟವಲ್ಲ. ಆದರೆ ಓದಿದ್ದರ ಅರ್ಥ ಅವಳಿಗೆ ದಕ್ಕುವುದಿಲ್ಲ. ಅರ್ಥ ತಿಳಿಯದ ಮಾತು ಮನಸ್ಸಿನಲ್ಲಿ ಒಂದೋ ಭಯವನ್ನು ಹುಟ್ಟಿಸುತ್ತದೆ, ಇಲ್ಲವೇ ಉದಾಸೀನವನ್ನು ಹುಟ್ಟಿಸುತ್ತದೆ. ಗಾಯದ ವಿಷಯದಲ್ಲಿ ಇವೆರಡೂ ಅಪಾಯಕರ.

ಈ ಮಾತುಗಳು ಕಠಿಣವಾಗಿ ತೋರುವುದಕ್ಕೆ ಕಾರಣವಿಲ್ಲದಿಲ್ಲ. ಅವು ನಮ್ಮ ನುಡಿಯವಲ್ಲ. ವಾಸ್ತವವಾಗಿ ಇಂಗ್ಲಿಷಿನವೂ ಅಲ್ಲ. ಅವುಗಳಲ್ಲಿ ಬಹುಪಾಲು ಎರಡು ಸಾವಿರ ವರ್ಷಗಳ ಹಿಂದೆ ಗ್ರೀಸ್ ಮತ್ತು ರೋಮ್ ದೇಶಗಳ ಜನ ಆಡುತ್ತಿದ್ದ ಮಾತುಗಳು. ಅಂದು ಅವು ಪಂಡಿತರ ಪರಿಭಾಷೆಯಾಗಿರಲಿಲ್ಲ. ರೈತನೂ ಸೈನಿಕನೂ ಗೃಹಿಣಿಯೂ ದಿನನಿತ್ಯ ಬಳಸುತ್ತಿದ್ದ ಸಾಮಾನ್ಯ ಪದಗಳಾಗಿದ್ದವು. ಹರಿಯುವುದು, ಕೊಳೆಯುವುದು, ಉರಿಯುವುದು, ಹೊಲಿಯುವುದು ಎಂಬಂಥ ಸರಳ ಕ್ರಿಯೆಗಳೇ ಅವುಗಳ ಬೇರಿನಲ್ಲಿ ಅಡಗಿವೆ. ಬೇರನ್ನು ತಿಳಿದವನಿಗೆ ಈ ಪದಗಳು ತಮ್ಮ ಕಥೆಯನ್ನು ತಾವೇ ಹೇಳಿಕೊಳ್ಳುತ್ತವೆ.

ಪಾಶ್ಚಾತ್ಯ ವೈದ್ಯಕ್ಕೆ ಗ್ರೀಸ್ ದೇಶವೇ ತವರು. ಕ್ರಿ.ಪೂ. 5ನೆಯ ಶತಮಾನದಲ್ಲಿ ಕೋಸ್ ದ್ವೀಪದ ಹಿಪ್ಪೊಕ್ರಟೀಸನ ಹೆಸರಿನಲ್ಲಿ ಬೆಳೆದುಬಂದ ಗ್ರಂಥಸಮೂಹದಲ್ಲಿ ತಲೆಯ ಗಾಯಗಳನ್ನು ಕುರಿತೇ ಒಂದು ಪ್ರತ್ಯೇಕ ಕೃತಿಯಿದೆ. ಕ್ರಿ.ಶ. ಒಂದನೆಯ ಶತಮಾನದಲ್ಲಿ ಸೆಲ್ಸಸ್ ಎಂಬ ರೋಮನ್ ಲೇಖಕ ಆ ಜ್ಞಾನವನ್ನು ಲ್ಯಾಟಿನ್ ಭಾಷೆಯಲ್ಲಿ ಎಂಟು ಸಂಪುಟಗಳಾಗಿ ಬರೆದಿಟ್ಟನು. ಎರಡನೆಯ ಶತಮಾನದಲ್ಲಿ ಬಾಳಿದ ಗೇಲನ್ ಎಂಬ ಮಹಾವೈದ್ಯನು ಪೆರ್ಗಮಮ್ ನಗರದಲ್ಲಿ ಗ್ಲಾಡಿಯೇಟರುಗಳೆಂಬ ಅಖಾಡದ ಕಾದಾಳುಗಳಿಗೆ ಚಿಕಿತ್ಸೆ ಮಾಡುತ್ತ ಗಾಯಗಳ ಬಗೆಗಳನ್ನು ಅರಿತನು. ಮುಂದೆ ಶತಮಾನಗಳ ಕಾಲ ಯುರೋಪಿನ ವಿದ್ಯಾಪೀಠಗಳಲ್ಲಿ ಪಾಠ ನಡೆದದ್ದು ಲ್ಯಾಟಿನ್ನಿನಲ್ಲಿಯೇ. ಹೀಗಾಗಿ ರೋಗಗಳ ಹೆಸರುಗಳೆಲ್ಲ ಆ ಎರಡು ಭಾಷೆಗಳಲ್ಲಿಯೇ ನೆಲೆನಿಂತವು. ಹೊಸ ರೋಗವೋ ಹೊಸ ಜೀವಾಣುವೋ ಗೊತ್ತಾದಾಗಲೂ ವಿಜ್ಞಾನಿಗಳು ಹೆಸರಿಗಾಗಿ ಅದೇ ಕಣಜಕ್ಕೆ ಕೈಹಾಕಿದರು.

ಮೊದಲು ಗಾಯದ ಹೆಸರನ್ನೇ ನೋಡೋಣ. ಗ್ರೀಕರು ಗಾಯವನ್ನು ‘ತ್ರೌಮ’ ಎಂದು ಕರೆದರು. ದೊಡ್ಡ ಆಸ್ಪತ್ರೆಗಳಲ್ಲಿ ಅಪಘಾತಕ್ಕೆ ಸಿಕ್ಕವರಿಗೆ ಮೀಸಲಾದ ‘ಟ್ರಾಮಾ’ ವಿಭಾಗದ ಹೆಸರು ಇದರಿಂದಲೇ ಬಂದಿದೆ. ಲ್ಯಾಟಿನ್ನಿನಲ್ಲಿ ಗಾಯಕ್ಕೆ ‘ವುಲ್ನುಸ್’ ಎಂದು ಹೆಸರು. ಸುಲಭವಾಗಿ ಪೆಟ್ಟಿಗೆ ಈಡಾಗಬಲ್ಲವರನ್ನು ಇಂಗ್ಲಿಷಿನಲ್ಲಿ ‘ವಲ್ನರಬಲ್’ ಎನ್ನುತ್ತಾರೆ. ಗಾಯಗೊಳ್ಳಬಲ್ಲವರು ಎಂಬುದೇ ಅದರ ಮೂಲಾರ್ಥ.

ಗಾಯಗಳ ಬಗೆಗಳಿಗೂ ಹೀಗೆಯೇ ಸರಳವಾದ ಕ್ರಿಯಾಪದಗಳು ಆಧಾರ. ಲ್ಯಾಟಿನ್ನಿನ ‘ಲಾಕೆರಾರೆ’ ಎಂದರೆ ಹರಿ, ಸೀಳು. ಅದರಿಂದ ‘ಲ್ಯಾಸರೇಷನ್’, ಅಂದರೆ ಸೀಳುಗಾಯ. ‘ರಾದೆರೆ’ ಎಂದರೆ ಕೆರೆ. ಅದರಿಂದ ‘ಅಬ್ರೇಷನ್’, ಅಂದರೆ ತರಚು ಗಾಯ. ‘ತುಂದೆರೆ’ ಎಂದರೆ ಕುಟ್ಟು, ಜಜ್ಜು. ಅದರಿಂದ ‘ಕಂಟ್ಯೂಷನ್’, ಅಂದರೆ ರಕ್ತ ಹೊರಬೀಳದ ಮೂಗೇಟು. ‘ಕೈದೆರೆ’ ಎಂದರೆ ಕತ್ತರಿಸು. ಅದರಿಂದ ವೈದ್ಯರು ಕತ್ತಿಯಿಂದ ಮಾಡುವ ‘ಇನ್‌ಸಿಷನ್’. ಆಹಾರವನ್ನು ಕತ್ತರಿಸುವ ನಮ್ಮ ಬಾಚಿಹಲ್ಲುಗಳಿಗೆ ‘ಇನ್‌ಸೈಸರ್’ ಎಂಬ ಹೆಸರು ಬಂದದ್ದೂ ಇದರಿಂದಲೇ. ‘ಪುಂಗೆರೆ’ ಎಂದರೆ ಚುಚ್ಚು, ಅದರಿಂದ ‘ಪಂಕ್ಚರ್’. ಸೈಕಲ್ಲಿನ ಚಕ್ರಕ್ಕೆ ಮುಳ್ಳು ಚುಚ್ಚಿದಾಗ ನಾವೆಲ್ಲರೂ ಆಡುವ ಈ ಮಾತು ಎರಡು ಸಾವಿರ ವರ್ಷಗಳಷ್ಟು ಹಳೆಯ ಬೇರಿನದೆಂದು ಯಾರು ನೆನೆಯುತ್ತಾರೆ?

‘ಫ್ರ್ಯಾಕ್ಚರ್’ ಎಂಬ ಪದವೂ ಇಲ್ಲಿ ಉಲ್ಲೇಖಾರ್ಹ. ಒಡೆ, ಮುರಿ ಎಂಬ ಅರ್ಥದ ‘ಫ್ರಂಗೆರೆ’ ಅದರ ಮೂಲ. ಗಣಿತದಲ್ಲಿ ಬರುವ ‘ಫ್ರ್ಯಾಕ್ಷನ್’ ಅದರ ಒಡಹುಟ್ಟು. ಅದನ್ನು ನಾವು ಭಿನ್ನರಾಶಿ ಎನ್ನುತ್ತೇವೆ. ‘ಭಿನ್ನ’ ಎಂದರೂ ಒಡೆದದ್ದು ಎಂದೇ ಅರ್ಥ. ಒಡೆದ ಸಂಖ್ಯೆಗೂ ಮುರಿದ ಮೂಳೆಗೂ ಎರಡು ಸಂಸ್ಕೃತಿಗಳ ಮನಸ್ಸು ಓಡಿದ ಬಗೆ ಎಷ್ಟು ಸಮೀಪವಾಗಿದೆ!

ಇನ್ನು ಗಾಯವಾದ ಬಳಿಕ ದೇಹದಲ್ಲಿ ನಡೆಯುವ ವ್ಯಾಪಾರವನ್ನು ಗಮನಿಸೋಣ. ಪೆಟ್ಟು ಬಿದ್ದ ಜಾಗ ಕೆಂಪಾಗುತ್ತದೆ, ಊದಿಕೊಳ್ಳುತ್ತದೆ, ಬಿಸಿಯಾಗುತ್ತದೆ, ನೋಯುತ್ತದೆ. ಈ ನಾಲ್ಕು ಲಕ್ಷಣಗಳನ್ನು ಸೆಲ್ಸಸ್ ತನ್ನ ಗ್ರಂಥದಲ್ಲಿ ‘ರುಬೋರ್’, ‘ತುಮೋರ್’, ‘ಕಲೋರ್’, ‘ದೊಲೋರ್’ ಎಂದು ಹೆಸರಿಸಿದನು. ಇಂದಿಗೂ ವೈದ್ಯವಿದ್ಯಾರ್ಥಿಗಳು ಇವನ್ನು ಕಂಠಪಾಠ ಮಾಡುತ್ತಾರೆ. ಲ್ಯಾಟಿನ್ನಿನ ‘ಫ್ಲಮ್ಮ’ ಎಂದರೆ ಜ್ವಾಲೆ. ಗಾಯದಲ್ಲಿ ಬೆಂಕಿ ಹೊತ್ತಿಕೊಂಡಂತಾಗುವ ಈ ಸ್ಥಿತಿಗೆ ಅದರಿಂದಲೇ ‘ಇನ್‌ಫ್ಲಮೇಷನ್’ ಎಂಬ ಹೆಸರಾಯಿತು. ಕನ್ನಡದಲ್ಲಿ ಇದಕ್ಕೆ ‘ಉರಿಯೂತ’ ಎನ್ನುತ್ತೇವೆ. ಉರಿ ಎಂದರೆ ಬೆಂಕಿಯ ತಾಪ, ಊತ ಎಂದರೆ ಬಾವು. ಸೆಲ್ಸಸ್ ಹೇಳಿದ ನಾಲ್ಕರಲ್ಲಿ ಎರಡು ಲಕ್ಷಣಗಳು ನಮ್ಮ ಒಂದೇ ಪದದಲ್ಲಿ ಅಡಕವಾಗಿವೆ. ಉರಿಯೂತ ಸ್ವತಃ ಶತ್ರುವಲ್ಲ. ಪೆಟ್ಟಾದ ಕಡೆಗೆ ಹೆಚ್ಚು ರಕ್ತವನ್ನೂ ಬಿಳಿಯ ರಕ್ತಕಣಗಳನ್ನೂ ಕಳುಹಿಸಿ ದೇಹ ತನ್ನನ್ನು ಕಾಪಾಡಿಕೊಳ್ಳುವ ಪ್ರಯತ್ನ ಅದು.

ಆದರೆ ಆ ಪ್ರಯತ್ನ ಸೋತಾಗ ಗಾಯ ಕೊಳೆಯತೊಡಗುತ್ತದೆ. ಕೊಳೆಯುವಿಕೆಗೆ ಗ್ರೀಕರ ಪದ ‘ಸೆಪ್ಸಿಸ್’. “ಗಾಯ ಸೆಪ್ಟಿಕ್ ಆಯಿತು” ಎಂದು ಹಳ್ಳಿಯವರೂ ಹೇಳುತ್ತಾರೆ. ಮನೆಯ ಹಿಂದೆ ಶೌಚದ ಕೊಳೆ ಸೇರುವ ‘ಸೆಪ್ಟಿಕ್ ಟ್ಯಾಂಕ್’ ಎಂಬ ಮಾತಿನಲ್ಲಿರುವುದೂ ಇದೇ ಪದ. ಇಂದಿನ ವೈದ್ಯರು ‘ಸೆಪ್ಸಿಸ್’ ಎಂಬುದನ್ನು ಇನ್ನೂ ನಿಷ್ಕೃಷ್ಟವಾದ ಅರ್ಥದಲ್ಲಿ ಬಳಸುತ್ತಾರೆ. ಸೋಂಕಿಗೆ ಪ್ರತಿಯಾಗಿ ದೇಹ ತೋರುವ ಪ್ರತಿಕ್ರಿಯೆ ಹದತಪ್ಪಿ, ತನ್ನದೇ ಅಂಗಾಂಗಗಳಿಗೆ ಹಾನಿಮಾಡುವ ಪ್ರಾಣಾಂತಿಕ ಸ್ಥಿತಿ ಅದು. ಚೀಟಿಯಲ್ಲಿ ಆ ಪದ ಕಂಡರೆ ಉದಾಸೀನ ಸಲ್ಲದು.

ಸೋಂಕು ಎಂಬ ನಮ್ಮ ಪದವನ್ನೂ ಗಮನಿಸಬೇಕು. ಸೋಂಕು ಎಂದರೆ ತಾಗು, ಮುಟ್ಟು. ಲ್ಯಾಟಿನ್ನಿನಲ್ಲಿ ಮುಟ್ಟು ಎಂಬರ್ಥದ ‘ತಂಗೆರೆ’ಯಿಂದ ‘ಕಂಟೇಜನ್’ ಎಂಬ ಪದ ಹುಟ್ಟಿತು. ‘ಇನ್‌ಫೆಕ್ಷನ್’ ಎಂಬುದರ ಮೂಲವಾದರೋ ಬಣ್ಣದಲ್ಲಿ ಅದ್ದುವುದು. ಬಿಳಿಯ ಬಟ್ಟೆಯನ್ನು ಬಣ್ಣದ ನೀರಿನಲ್ಲಿ ಅದ್ದಿದರೆ ಕಲೆ ಹೇಗೆ ಎಲ್ಲೆಡೆ ಹರಡುವುದೋ ಹಾಗೆ ಕೆಡುಕು ದೇಹವನ್ನು ವ್ಯಾಪಿಸುವುದೆಂಬುದು ರೋಮನ್ನರ ಕಲ್ಪನೆ.

ಗಾಯದಲ್ಲಿ ತುಂಬುವ ಕೀವಿಗೆ ಲ್ಯಾಟಿನ್ನಿನಲ್ಲಿ ‘ಪುಸ್’ ಎಂದು ಹೆಸರು, ಸಂಸ್ಕೃತದಲ್ಲಿ ‘ಪೂಯ’. ಇವೆರಡೂ ಒಂದನ್ನೊಂದು ಹೋಲುವುದು ಆಕಸ್ಮಿಕವಲ್ಲ. 1786ರಲ್ಲಿ ಕಲಕತ್ತೆಯ ಏಷ್ಯಾಟಿಕ್ ಸೊಸೈಟಿಯಲ್ಲಿ ಮಾಡಿದ ಭಾಷಣದಲ್ಲಿ ಸರ್ ವಿಲಿಯಂ ಜೋನ್ಸ್, ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳು ಒಂದೇ ಮೂಲದಿಂದ ಹುಟ್ಟಿರಬೇಕೆಂದು ಸಾರಿದನು. ಮುಂದಿನ ವಿದ್ವಾಂಸರು ಅದನ್ನು ಸಾಧಿಸಿ ತೋರಿಸಿದರು. ಲ್ಯಾಟಿನ್ನಿನ ‘ವೀರುಸ್’ ಎಂದರೆ ವಿಷ. ಅದು ಸಂಸ್ಕೃತದ ‘ವಿಷ’ ಎಂಬ ಪದದ ದಾಯಾದಿ. ಹರಿಯುವುದಕ್ಕೆ ಗ್ರೀಕಿನಲ್ಲಿರುವ ‘ರೇಓ’ ಎಂಬ ಧಾತು ‘ಸ್ರವಿಸು’ ಎಂಬುದರ ಬಂಧು. ಕನ್ನಡ ದ್ರಾವಿಡ ಭಾಷೆಯಾದರೂ ಸಂಸ್ಕೃತದಿಂದ ಪಡೆದ ಪದಗಳ ಮೂಲಕ ಈ ದೂರದ ನಂಟಸ್ತಿಕೆಯ ಎಳೆ ನಮ್ಮ ಮಾತಿಗೂ ಬಂದು ಸೇರಿದೆ.

ಕೀವಿನ ವಿಷಯದಲ್ಲಿ ಒಂದು ಮಾತು ಜನರನ್ನು ಬಹುಕಾಲ ದಾರಿತಪ್ಪಿಸಿದುದುಂಟು. ಕೆಲವು ಬಗೆಯ ಕೀವು ಶುಭಲಕ್ಷಣವೆಂದು ಯುರೋಪಿನ ವೈದ್ಯರು ಶತಮಾನಗಳ ಕಾಲ ನಂಬಿದ್ದರು. ಅದನ್ನು ‘ಶ್ಲಾಘ್ಯವಾದ ಕೀವು’ ಎಂದೇ ಲ್ಯಾಟಿನ್ನಿನಲ್ಲಿ ಕರೆದರು. ಹೆಸರೇ ಹೊಗಳಿಕೆಯಾದ ಮೇಲೆ ಅದನ್ನು ಸಂದೇಹಿಸುವವರಾರು? ಕೀವು ಬರಲೆಂದು ಗಾಯವನ್ನು ಕೆಣಕಿದವರೂ ಇದ್ದರು. ಹೀಗೆ ಹೆಸರೊಂದು ತಪ್ಪು ತಿಳಿವಳಿಕೆಗೆ ಕಾವಲು ನಿಂತಿತು.

ಹಳೆಯ ನಂಬಿಕೆಯನ್ನು ಪರೀಕ್ಷಿಸುವ ಧೈರ್ಯ ಕೆಲವೊಮ್ಮೆ ಲ್ಯಾಟಿನ್ ಬಾರದವರಿಂದ ಬಂತು. 1537ರಲ್ಲಿ ಇಟಲಿಯ ಟ್ಯೂರಿನ್ ಬಳಿಯ ಯುದ್ಧದಲ್ಲಿ ಆಂಬ್ರ್ವಾಸ್ ಪಾರೆ ಎಂಬ ಫ್ರೆಂಚ್ ತರುಣನು ಸೈನಿಕರಿಗೆ ಚಿಕಿತ್ಸೆ ಮಾಡುತ್ತಿದ್ದನು. ಗುಂಡಿನ ಗಾಯಕ್ಕೆ ಕುದಿಯುವ ಎಣ್ಣೆ ಸುರಿಯಬೇಕೆಂಬುದು ಆಗಿನ ಶಾಸ್ತ್ರ. ಒಂದು ದಿನ ಎಣ್ಣೆ ಮುಗಿದುಹೋಯಿತು. ವಿಧಿಯಿಲ್ಲದೆ ಅವನು ಮೊಟ್ಟೆಯ ಹಳದಿ, ಗುಲಾಬಿ ಎಣ್ಣೆ, ಟರ್ಪೆಂಟೈನ್ ಇವುಗಳನ್ನು ಬೆರೆಸಿ ಹಚ್ಚಿದನು. ಆ ಸೈನಿಕರು ಸತ್ತೇಹೋಗುವರೆಂಬ ಆತಂಕದಿಂದ ರಾತ್ರಿ ಅವನಿಗೆ ನಿದ್ರೆ ಬರಲಿಲ್ಲ. ಬೆಳಗ್ಗೆ ಎದ್ದು ನೋಡಿದರೆ ಲೇಪ ಹಚ್ಚಿಸಿಕೊಂಡವರು ನೆಮ್ಮದಿಯಾಗಿದ್ದರು. ಎಣ್ಣೆಯಲ್ಲಿ ಬೆಂದವರು ಜ್ವರದಿಂದಲೂ ಬಾವಿನಿಂದಲೂ ನರಳುತ್ತಿದ್ದರು. ತಾನು ಕಂಡುದನ್ನು ಪಾರೆ 1545ರಲ್ಲಿ ಪುಸ್ತಕವಾಗಿ ಪ್ರಕಟಿಸಿದನು. ಅವನಿಗೆ ಲ್ಯಾಟಿನ್ ಬಾರದುದರಿಂದ ಅದನ್ನು ಬರೆದದ್ದು ತನ್ನ ತಾಯ್ನುಡಿಯಾದ ಫ್ರೆಂಚಿನಲ್ಲಿ. ಪಂಡಿತರು ಮೂಗುಮುರಿದರೂ ಸಾಮಾನ್ಯ ಶಸ್ತ್ರವೈದ್ಯರು ಅದನ್ನು ಓದಿ ತಿಳಿದುಕೊಂಡರು.

ಕೊಳೆಯುವಿಕೆಯ ನಿಜವಾದ ಕಾರಣ ತಿಳಿಯಲು ಇನ್ನೂ ಮೂರು ಶತಮಾನಗಳು ಬೇಕಾದವು. ಕಣ್ಣಿಗೆ ಕಾಣದ ಜೀವಾಣುಗಳೇ ಹಾಲು, ದ್ರಾಕ್ಷಾರಸ ಮೊದಲಾದವುಗಳನ್ನು ಕೆಡಿಸುತ್ತವೆಂದು ಫ್ರಾನ್ಸಿನಲ್ಲಿ ಲೂಯಿ ಪಾಶ್ಚರ್ ತೋರಿಸಿದನು. ಇದನ್ನು ಓದಿದ ಜೋಸೆಫ್ ಲಿಸ್ಟರ್ ಎಂಬ ಶಸ್ತ್ರವೈದ್ಯನು ಗಾಯದಲ್ಲಿಯೂ ಹೀಗೆಯೇ ಆಗುತ್ತಿರಬೇಕೆಂದು ತರ್ಕಿಸಿದನು. ಇಂಗ್ಲೆಂಡಿನ ಕಾರ್ಲೈಲ್ ಪಟ್ಟಣದಲ್ಲಿ ಚರಂಡಿಯ ಕೊಳೆನೀರಿನ ದುರ್ವಾಸನೆಯನ್ನು ತಡೆಯಲು ಕಾರ್ಬಾಲಿಕ್ ಆಮ್ಲವನ್ನು ಬಳಸುತ್ತಿದ್ದ ಸುದ್ದಿ ಅವನ ಕಿವಿಗೆ ಬಿದ್ದಿತ್ತು. 1865ರ ಆಗಸ್ಟ್ 12ರಂದು ಗ್ಲಾಸ್ಗೋ ನಗರದ ಆಸ್ಪತ್ರೆಗೆ ಹನ್ನೊಂದು ವರ್ಷದ ಜೇಮ್ಸ್ ಗ್ರೀನ್ಲೀಸ್ ಎಂಬ ಬಾಲಕನನ್ನು ತಂದರು. ಗಾಡಿಯ ಚಕ್ರ ಹರಿದು ಅವನ ಕಾಲಿನ ಮೂಳೆ ಮುರಿದು ಚರ್ಮವೂ ಸೀಳಿತ್ತು. ಅಂಥ ಗಾಯ ಕೊಳೆತು ಕಾಲನ್ನೇ ಕತ್ತರಿಸಬೇಕಾಗುವುದು ಅಂದು ಸಾಮಾನ್ಯವಾಗಿತ್ತು. ಎಷ್ಟೋ ವೇಳೆ ಪ್ರಾಣವೂ ಉಳಿಯುತ್ತಿರಲಿಲ್ಲ. ಲಿಸ್ಟರ್ ಕಾರ್ಬಾಲಿಕ್ ಆಮ್ಲದಲ್ಲಿ ತೋಯಿಸಿದ ಬಟ್ಟೆಯಿಂದ ಗಾಯವನ್ನು ಮುಚ್ಚಿದನು. ನಾಲ್ಕು ದಿನಗಳ ನಂತರ ಬಿಚ್ಚಿ ನೋಡಿದಾಗ ಕೊಳೆತ ವಾಸನೆಯಿರಲಿಲ್ಲ. ಆರು ವಾರಗಳಲ್ಲಿ ಮೂಳೆ ಕೂಡಿಕೊಂಡಿತು. ಬಾಲಕ ತನ್ನ ಎರಡೂ ಕಾಲುಗಳೊಡನೆ ಮನೆಗೆ ನಡೆದನು.

ಲಿಸ್ಟರ್ ತನ್ನ ವಿಧಾನವನ್ನು 1867ರಲ್ಲಿ ಪ್ರಕಟಿಸಿದಾಗ ಅದನ್ನು ‘ಆಂಟಿಸೆಪ್ಟಿಕ್’ ಎಂದು ಕರೆದನು. ‘ಆಂಟಿ’ ಎಂದರೆ ವಿರುದ್ಧ. ಕೊಳೆಯುವಿಕೆಗೆ ವಿರುದ್ಧವಾದದ್ದು ಎಂದರ್ಥ. ಮುಂದೆ ಉಪಕರಣಗಳನ್ನು ಮೊದಲೇ ಕುದಿಸಿ, ಕೈಗಳನ್ನು ಶುದ್ಧಮಾಡಿಕೊಂಡು, ಜೀವಾಣು ಗಾಯದ ಹತ್ತಿರ ಸುಳಿಯದಂತೆ ಮಾಡುವ ಕ್ರಮ ಬೆಳೆಯಿತು. ಅದು ‘ಅಸೆಪ್ಟಿಕ್’. ಇಲ್ಲಿನ ‘ಅ’ ಅಭಾವಸೂಚಕ. ನಮ್ಮ ಅಶುದ್ಧ, ಅಜ್ಞಾನ ಎಂಬ ಪದಗಳಲ್ಲಿರುವ ‘ಅ’ಕಾರಕ್ಕೂ ಇದಕ್ಕೂ ಮೂಲ ಒಂದೇ.

ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಆಗ್ಸ್ಟನ್ 1880ರ ಸುಮಾರಿಗೆ ಕುರುಗಳ ಕೀವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ದುಂಡನೆಯ ಜೀವಾಣುಗಳು ದ್ರಾಕ್ಷಿಯ ಗೊಂಚಲಿನಂತೆ ಕಂಡವು. ಗ್ರೀಕಿನಲ್ಲಿ ‘ಸ್ತಫುಲೆ’ ಎಂದರೆ ದ್ರಾಕ್ಷಿಗೊಂಚಲು, ‘ಕೊಕ್ಕೊಸ್’ ಎಂದರೆ ಕಾಳು. ಅವುಗಳಿಗೆ ‘ಸ್ಟೆಫೈಲೊಕಾಕಸ್’ ಎಂದು ಹೆಸರಿಟ್ಟನು. ನಾಲಗೆ ತೊಡರುವ ಆ ಉದ್ದನೆಯ ಪದ ಒಂದು ಚಿತ್ರವಲ್ಲದೆ ಬೇರೇನೂ ಅಲ್ಲ.

ಈಗ ಆ ರೈತನ ಚೀಟಿಯಲ್ಲಿದ್ದ ‘ಟೆಟನಸ್’ ಎಂಬ ಪದಕ್ಕೆ ಬರೋಣ. ಗ್ರೀಕಿನಲ್ಲಿ ಸೆಳೆ, ಬಿಗಿಯಾಗಿ ಎಳೆ ಎಂಬುದಕ್ಕೆ ‘ತೈನೊ’ ಎನ್ನುತ್ತಾರೆ. ಸಂಸ್ಕೃತದ ‘ತನ್’ ಧಾತು ಇದರ ಬಂಧು. ಈ ರೋಗದ ಜೀವಾಣು ಮಣ್ಣಿನಲ್ಲಿಯೂ ಪ್ರಾಣಿಗಳ ಸಗಣಿಯಲ್ಲಿಯೂ ಇರುತ್ತದೆ. ಗಾಳಿಯಾಡದ ಆಳವಾದ ಚುಚ್ಚುಗಾಯದಲ್ಲಿ ಬೆಳೆದು ಅದು ವಿಷವನ್ನು ಉತ್ಪಾದಿಸುತ್ತದೆ. ರೋಗವನ್ನು ತರುವುದು ಮೊಳೆಯ ತುಕ್ಕಲ್ಲ, ಮೊಳೆಗೆ ಅಂಟಿದ ಮಣ್ಣು. ವಿಷ ನರಗಳನ್ನು ಸೇರಿದಾಗ ದವಡೆ ಕಚ್ಚಿಕೊಳ್ಳುತ್ತದೆ, ಸ್ನಾಯುಗಳು ಸೆಟೆದುಕೊಳ್ಳುತ್ತವೆ, ಬೆನ್ನು ಹಿಂದಕ್ಕೆ ಬಿಲ್ಲಿನಂತೆ ಬಾಗುತ್ತದೆ. ನಮ್ಮ ಹಿರಿಯರು ಇದನ್ನು ಕಂಡೇ ‘ಧನುರ್ವಾಯು’ ಎಂದರು. ಗ್ರೀಕರು ಸೆಳೆತವನ್ನು ಹೆಸರಿಸಿದರು. ನಾವು ಸೆಳೆದ ಬಿಲ್ಲನ್ನು ಹೆಸರಿಸಿದೆವು.

ಸ್ವಾರಸ್ಯ ಇಷ್ಟಕ್ಕೇ ಮುಗಿಯಲಿಲ್ಲ. ಆ ಜೀವಾಣು ಉತ್ಪಾದಿಸುವ ವಿಷಕ್ಕೆ ‘ಟಾಕ್ಸಿನ್’ ಎನ್ನುತ್ತಾರೆ. ಗ್ರೀಕಿನಲ್ಲಿ ‘ತೊಕ್ಸೊನ್’ ಎಂದರೆ ಬಿಲ್ಲು. ಬಾಣದ ಮೊನೆಗೆ ಹಚ್ಚುವ ನಂಜು ‘ತೊಕ್ಸಿಕೊನ್’. ಕಾಲಕ್ರಮದಲ್ಲಿ ಬಿಲ್ಲು ಮರೆತುಹೋಗಿ ವಿಷ ಎಂಬ ಅರ್ಥವೇ ಉಳಿಯಿತು. ಧನುರ್ವಾಯುವನ್ನು ಉಂಟುಮಾಡುವ ವಸ್ತುವಿನ ಹೆಸರಿನಲ್ಲಿಯೂ ಹೀಗೆ ಒಂದು ಬಿಲ್ಲು ಅಡಗಿ ಕುಳಿತಿದೆ!

1890ರಲ್ಲಿ ಜರ್ಮನಿಯ ಬೇರಿಂಗ್ ಮತ್ತು ಜಪಾನಿನ ಕಿಟಸಾಟೊ ಈ ವಿಷವನ್ನು ತಡೆಯುವ ಪ್ರತಿವಿಷದ ಗುಣವನ್ನು ಪ್ರಕಟಿಸಿದರು. ಅನಂತರ ವಿಷದ ಕೆಡುಕನ್ನು ಕಳೆದು, ಅದರ ರೂಪವನ್ನು ಮಾತ್ರ ಉಳಿಸಿ ಲಸಿಕೆ ತಯಾರಿಸಲಾಯಿತು. ಅದೇ ‘ಟಾಕ್ಸಾಯ್ಡ್’, ಅಂದರೆ ವಿಷದಂತಿರುವುದು. ಹಿಂದೆ ಕೊಳಕು ಕತ್ತಿಯಿಂದ ಹೊಕ್ಕುಳಬಳ್ಳಿ ಕತ್ತರಿಸಿದ್ದರಿಂದ ಎಷ್ಟೋ ನವಜಾತ ಶಿಶುಗಳು ಧನುರ್ವಾಯುವಿಗೆ ಬಲಿಯಾಗುತ್ತಿದ್ದವು. ಗರ್ಭಿಣಿಯರಿಗೆ ಲಸಿಕೆ ನೀಡಿ, ಶುಚಿಯಾದ ಹೆರಿಗೆಯ ವ್ಯವಸ್ಥೆ ಮಾಡಿದ್ದರಿಂದ 2015ರಲ್ಲಿ ಭಾರತ ಬಾಣಂತಿಯರ ಮತ್ತು ನವಜಾತ ಶಿಶುಗಳ ಧನುರ್ವಾಯುವನ್ನು ನಿವಾರಿಸಿದ ದೇಶವೆಂಬ ಮನ್ನಣೆ ಪಡೆಯಿತು. ಆದರೆ ಮಣ್ಣಿನಲ್ಲಿರುವ ಜೀವಾಣು ನಾಶವಾಗಿಲ್ಲ. ಆದ್ದರಿಂದಲೇ 10 ಮತ್ತು 16ನೆಯ ವಯಸ್ಸಿನಲ್ಲಿಯೂ ಮಕ್ಕಳಿಗೆ ಈ ಚುಚ್ಚುಮದ್ದು ಕೊಡುತ್ತಾರೆ.

ಕೊನೆಯದಾಗಿ ಗಾಯ ಮಾಯುವ ಮಾತು. ಗಾಯವನ್ನು ಹೊಲಿಯುವುದಕ್ಕೆ ‘ಸೂಚರ್’ ಎನ್ನುತ್ತಾರೆ. ಹೊಲಿ ಎಂಬರ್ಥದ ‘ಸುಎರೆ’ ಅದರ ಮೂಲ. ಸುಶ್ರುತಸಂಹಿತೆಯಲ್ಲಿ ಹೇಳಿರುವ ಎಂಟು ಬಗೆಯ ಶಸ್ತ್ರಕರ್ಮಗಳಲ್ಲಿ ‘ಸೀವ್ಯ’ ಎಂಬುದೊಂದು. ಅದಕ್ಕೂ ಹೊಲಿಯುವುದೆಂದೇ ಅರ್ಥ, ಬೇರೂ ಒಂದೇ. ಮಾದ ಗಾಯದ ಗುರುತಿಗೆ ಇಂಗ್ಲಿಷಿನಲ್ಲಿ ‘ಸ್ಕಾರ್’ ಎಂಬ ಪದವಿದೆ. ಅದರ ಮೂಲವಾದ ಗ್ರೀಕ್ ಪದ ‘ಎಸ್ಖರ’ ಎಂದರೆ ಮನೆಯ ಒಲೆ! ಬೆಂಕಿಯಿಂದ ಸುಟ್ಟ ಜಾಗದಲ್ಲಿ ಕಟ್ಟುವ ಹಕ್ಕಳೆಗೆ ಮೊದಲು ಆ ಹೆಸರು ಬಂದು, ಆಮೇಲೆ ಎಲ್ಲ ಕಲೆಗಳಿಗೂ ಹಬ್ಬಿತು. ಶಸ್ತ್ರವೈದ್ಯಕ್ಕೆ ಇಂಗ್ಲಿಷಿನಲ್ಲಿರುವ ‘ಸರ್ಜರಿ’ ಎಂಬ ಹೆಸರಾದರೋ ಗ್ರೀಕಿನ ‘ಖೈರ್’ ಮತ್ತು ‘ಎರ್ಗೊನ್’ ಎಂಬ ಎರಡು ಪದಗಳಿಂದ ಆದದ್ದು. ಒಂದಕ್ಕೆ ಕೈ, ಇನ್ನೊಂದಕ್ಕೆ ಕೆಲಸ ಎಂದರ್ಥ. ನಾವು ಶಸ್ತ್ರವನ್ನು ಕಂಡೆವು; ಗ್ರೀಕರು ಅದನ್ನು ಹಿಡಿದ ಕೈಯನ್ನು ಕಂಡರು.

ಇಷ್ಟನ್ನು ತಿಳಿದ ಮಾತ್ರಕ್ಕೆ ಯಾರೂ ವೈದ್ಯರಾಗುವುದಿಲ್ಲ. ಬೇರು ತಿಳಿಸುವುದು ಹಿಂದಿನವರು ಏನನ್ನು ಕಂಡರು, ಏನೆಂದು ಭಾವಿಸಿದರು ಎಂಬುದನ್ನು, ರೋಗದ ಪೂರ್ಣಸತ್ಯವನ್ನಲ್ಲ. ಸೆಲ್ಸಸನ ‘ತುಮೋರ್’ ಬರಿಯ ಬಾವು. ಇಂದಿನ ‘ಟ್ಯೂಮರ್’ ದೇಹದಲ್ಲಿ ಬೆಳೆಯುವ ಗೆಡ್ಡೆ. ಮೈಯ ಗಾಯವಾಗಿದ್ದ ‘ಟ್ರಾಮಾ’ 19ನೆಯ ಶತಮಾನದ ಕೊನೆಯಿಂದೀಚೆಗೆ ಮನಸ್ಸಿನ ಗಾಯಕ್ಕೂ ಹೆಸರಾಗಿದೆ. ಪದದ ಅರ್ಥ ಬೆಳೆಯುತ್ತದೆ, ಬಾಗುತ್ತದೆ, ಕೆಲವೊಮ್ಮೆ ದಾರಿತಪ್ಪಿಸುತ್ತದೆ. ಆದ್ದರಿಂದ ತಿಳಿಯದ ಮಾತನ್ನು ವೈದ್ಯರಲ್ಲಿ ಕೇಳಿ ತಿಳಿಯಲು ಸಂಕೋಚಪಡಬಾರದು.

ಆ ಹುಡುಗಿ ಈಗ ತಂದೆಗೆ ಏನು ಹೇಳಬಲ್ಲಳು? “ಅಪ್ಪಾ, ಗಾಯ ಚುಚ್ಚಿದ್ದು, ಮೇಲೆ ಚಿಕ್ಕದಾಗಿ ಕಂಡರೂ ಒಳಗೆ ಆಳವಾಗಿದೆ. ಧನುರ್ವಾಯು ಬಾರದಿರಲೆಂದು ಚುಚ್ಚುಮದ್ದು ಕೊಟ್ಟಿದ್ದಾರೆ. ಉರಿ, ಊತ, ನೋವು ಹೆಚ್ಚಾದರೆ, ಜ್ವರ ಬಂದರೆ, ಕೊಳೆಯುವ ಲಕ್ಷಣ ಕಂಡರೆ ತಡಮಾಡದೆ ಮತ್ತೆ ಬರಬೇಕಂತೆ. ಗಾಯಕ್ಕೆ ಮಣ್ಣು, ಸಗಣಿ ಸೋಕಬಾರದು.” ಚೀಟಿಯಲ್ಲಿದ್ದ ನಾಲ್ಕು ಪರದೇಶದ ಪದಗಳು ಹೀಗೆ ನಾಲ್ಕು ಕನ್ನಡ ಮಾತುಗಳಾದವು. ತಂದೆಯ ಮುಖದ ಭಯ ತಗ್ಗಿ, ಎಚ್ಚರ ಮೂಡಿತು. ವಿದ್ಯೆಯ ಪ್ರಯೋಜನ ಇದಕ್ಕಿಂತ ಹೆಚ್ಚಿನದು ಬೇರೇನಿದೆ?

ಅಭ್ಯಾಸ

ಅ. ಒಂದು ವಾಕ್ಯದಲ್ಲಿ ಉತ್ತರಿಸಿ:
1. ಸೆಲ್ಸಸ್ ಹೇಳಿದ ಉರಿಯೂತದ ನಾಲ್ಕು ಲಕ್ಷಣಗಳು ಯಾವುವು?
2. ಪಾರೆ ತನ್ನ ಪುಸ್ತಕವನ್ನು ಯಾವ ಭಾಷೆಯಲ್ಲಿ ಬರೆದನು?
3. ‘ಟಾಕ್ಸಿನ್’ ಎಂಬ ಪದದಲ್ಲಿ ಬಿಲ್ಲು ಹೇಗೆ ಸೇರಿಕೊಂಡಿತು?

ಆ. ಎಂಟು ಹತ್ತು ವಾಕ್ಯಗಳಲ್ಲಿ ಉತ್ತರಿಸಿ:
1. ಲಿಸ್ಟರ್ ಗಾಯ ಕೊಳೆಯದಂತೆ ತಡೆದ ಬಗೆಯನ್ನು ವಿವರಿಸಿ.
2. ‘ಹೆಸರೊಂದು ತಪ್ಪು ತಿಳಿವಳಿಕೆಗೆ ಕಾವಲು ನಿಂತಿತು’ ಎಂಬ ಮಾತನ್ನು ಸಮರ್ಥಿಸಿ.

ಇ. ಸೋಂಕು, ಊತ, ಮಾಯು, ನಂಜು, ಹಕ್ಕಳೆ: ಈ ಪದಗಳನ್ನು ಸ್ವಂತ ವಾಕ್ಯಗಳಲ್ಲಿ ಬಳಸಿ. ನಿಮ್ಮ ಊರಿನಲ್ಲಿ ಗಾಯಕ್ಕೆ ಸಂಬಂಧಿಸಿದಂತೆ ಬಳಕೆಯಲ್ಲಿರುವ ಇತರ ಪದಗಳನ್ನು ಹಿರಿಯರಿಂದ ಕೇಳಿ ಪಟ್ಟಿಮಾಡಿ.